ಹುಳ ಮುಟ್ಟಿದ ಕೈ

ನಮ್ಮಲ್ಲಿ ಕಚ್ಚಿತು ಅನ್ನುವುದಿಲ್ಲ, ಮುಟ್ಟಿತು ಅನ್ನುತ್ತೇವೆ.
ಹಾವು ಅನ್ನುವುದೂ ಇಲ್ಲ, ದೀಪ ಹಚ್ಚಿದ ಮೇಲಂತೂ.
ಹುಳ.
ಹುಳ ಮುಟ್ಟಿತು ಅಂದರೆ ಊರಿಗೆಲ್ಲ ತಿಳಿಯುತ್ತದೆ,
ಜೀಪಿನವನಿಗೂ.

ಇಲ್ಲಿ ಮಾತ್ರ, ಮೇಗರವಳ್ಳಿ ದಾಟಿ ಕಾಡಿನೊಳಗೆ,
ಗಾಜಿನ ಮೇಲೆ ಬಿಳಿ ಚೀಟಿ ಅಂಟಿಸಿ
ಪೂರ್ತಿ ಹೆಸರೇ ಬರೆದಿದ್ದಾರೆ:
ಕೊಳಕುಮಂಡಲ. ಹೆಣ್ಣು. ನಂಬರ್ ಹದಿನೇಳು.
ತೂಕ, ಉಂಡ ತಾರೀಖು, ಪೊರೆ ಬಿಟ್ಟ ತಾರೀಖು.
ನನ್ನ ಬಗ್ಗೆ ಇಷ್ಟೆಲ್ಲ ಯಾರೂ ಬರೆದಿಟ್ಟಿಲ್ಲ.

ಆರನೇ ಕ್ಲಾಸಿನ ಮೂವತ್ತೊಂದು ಮಕ್ಕಳು, ಇಬ್ಬರು ಮೇಷ್ಟ್ರು,
ಚಿತ್ರಾನ್ನದ ಪಾತ್ರೆಯ ಜೊತೆ ನಾನು,
ಬಿಸಿಯೂಟದ ಬಂಗಾರಮ್ಮ. ಎಡಗೈಯಲ್ಲಿ ಬೆರಳು ನಾಲ್ಕು.
ಒಳಗೆ ಬರುವುದಿಲ್ಲ ಅಂದಿದ್ದೆ. ವ್ಯಾನಿನಲ್ಲೇ ಕೂತಿದ್ದೆ ಕೂಡ.
ಸೆಕೆ. ಆಮೇಲೆ, ಅದೇನೋ, ಇಳಿದೆ.

ತೇಜಪ್ಪ ಅಂತ, ಅಲ್ಲಿಯವನು.
ಕೊಕ್ಕೆಯಲ್ಲಿ ಎತ್ತಿ ಮೇಜಿಗಿಟ್ಟ.
ಕುಕ್ಕರಿನ ಹಾಗೆ ಒಂದೇ ಸಮ ಬುಸುಗುಡುತ್ತಿತ್ತು.
ಈ ಸದ್ದು ನನಗೆ ಗೊತ್ತು. ಅವತ್ತು ಹುಲ್ಲಿನ ಕಂತೆಯೊಳಗಿಂದ;
ಬೇಣದಲ್ಲಿ ಯಾರ ಕುಕ್ಕರಪ್ಪಾ ಅಂದುಕೊಳ್ಳುತ್ತಲೇ
ಕೈ ಹಾಕಿದ್ದೆ.

ತಲೆ ಹಿಡಿದು, ಲೋಟದ ಬಾಯಿಗೆ ಬಿಗಿದ ತೆಳು ಹಾಳೆಗೆ
ಕಚ್ಚಿಸಿದ. ಟಪ್ಪಂತ ಸಣ್ಣ ಸದ್ದು.
ಗಾಜಿನೊಳಗೆ ನಿಧಾನ ಇಳಿಯಿತು
ಒಂದು ಹನಿ. ಇನ್ನೊಂದು.
ತುಪ್ಪದ ಬಣ್ಣ.
ಇಷ್ಟೇನಾ?
ಒಂದು ಒಗ್ಗರಣೆಗೂ ಸಾಲದು ಇದು.
ಹದಿಮೂರು ದಿನ ಮೆಗ್ಗಾನ್ ಆಸ್ಪತ್ರೆಯ ಮಂಚ,
ಒತ್ತೆ ಹೋದ ಬೆಂಡೋಲೆ,
ಇದ್ದಿಲಾದ ಬೆರಳು,
ಇಷ್ಟಕ್ಕಾ?

ಇದನ್ನು ಕುದುರೆಗೆ ಚುಚ್ಚುತ್ತಾರೆ, ಮೊದಮೊದಲು ಒಂಚೂರೇ ಚೂರು,
ಮಕ್ಕಳಿಗೆ ಹೇಳುತ್ತಿದ್ದ ತೇಜಪ್ಪ.
ಕುದುರೆ ಸಾಯುವುದಿಲ್ಲ, ಕಲಿಯುತ್ತದೆ.
ಕಲಿತದ್ದನ್ನು ಅದರ ರಕ್ತದಿಂದ ತೆಗೆದು ಬಾಟಲಿಗೆ ತುಂಬುತ್ತಾರೆ.

ನನಗೆ ಇಪ್ಪತ್ತೆರಡು ಬಾಟಲಿ ಏರಿಸಿದ್ದರು.
ಕುದುರೆಯದು ಅಂತ ಯಾರೂ ಹೇಳಿರಲಿಲ್ಲ.
ಕುದುರೆಯನ್ನು ನಾನು ಕಂಡದ್ದು ಒಂದೇ ಸಲ, ಶಿವಮೊಗ್ಗದಲ್ಲಿ,
ಯಾರದೋ ದಿಬ್ಬಣ. ಬ್ಯಾಂಡಿಗೆ ಬೆದರಿ
ಕಣ್ಣು ಅಗಲಿಸಿ ನಿಂತಿತ್ತು. ಬಸ್ಸಿಗೆ ಹೊತ್ತಾಯಿತೆಂದು
ದಾಟಿಕೊಂಡು ಹೋಗಿದ್ದೆ.

"ಹಾಗಾದ್ರೆ ಬಂಗಾರಕ್ಕ, ನೀವು ಜೋರಾಗಿ ಓಡ್ತೀರಾ?"
ಕೇಳಿದ್ದು ಸುಹೇಬ. ಮೇಷ್ಟ್ರು ಗದರಿದರು. ನಾನು ನಕ್ಕೆ.
ತೇಜಪ್ಪ ನಗಲಿಲ್ಲ. ನನ್ನ ಕೈ ನೋಡಿ
ಯಾವುದು ಅಂತ ಕೇಳಿದ, ಯಾವೂರು ಅಂದ ಹಾಗೆ.
ಇದೇ, ಅಂದೆ.
ಅವನು ತನ್ನ ಬಲಗೈ ತೋರುಬೆರಳು ಮಡಿಸಲು ನೋಡಿದ. ಮಡಿಯಲಿಲ್ಲ.
ನಾಗರ, ಅಂದ. ತಪ್ಪು ನಂದೇ.

ಹದಿನೇಳನ್ನು ವಾಪಸು ಬಿಟ್ಟ. ಮೂಲೆ ಸೇರಿ ಸುರುಳಿ ಸುತ್ತಿ
ತನ್ನ ಗದ್ದವನ್ನು ತನ್ನ ಮೇಲೇ ಇಟ್ಟುಕೊಂಡಿತು,
ಕೆಲಸ ಮುಗಿಸಿ ಬಂದವಳ ಹಾಗೆ.

ಊಟಕ್ಕೆ ಕೂರಿಸಿದಾಗ ತೇಜಪ್ಪನಿಗೂ ಎಲೆ ಹಾಕಿದೆ.
ಆ ಬೆರಳನ್ನು ಹೊರಗಿಟ್ಟೇ ಉಂಡ.
ನಾಲ್ಕರಲ್ಲಿ ಪಾತ್ರೆ ಆನಿಸಿಕೊಂಡು
ಇನ್ನೂ ಹಾಕಲಾ, ಅಂದೆ.
ಒಂಚೂರು, ಅಂದ.