ಹದಿನೇಳು ತಾಸಿನ ಕಸ

ಕಸ ನೋಡಿಯೇ ದೂರ ಹೇಳುತ್ತೇನೆ ನಾನು.
ಬಹರೇನಿನಿಂದ ಬಂದದ್ದಾದರೆ
ಒಂದು ನೀರಿನ ಲೋಟ, ಮುದುರಿದ ಟಿಶ್ಯೂ,
ಸೀಟು ಕೂಡ ಸರಿಯಾಗಿ ಬಿಸಿಯಾಗಿರುವುದಿಲ್ಲ.
ಆಕ್ಲೆಂಡಿನದಾದರೆ ಬಾಗಿಲಲ್ಲೇ ಗೊತ್ತು:
ಹದಿನೇಳು ತಾಸು ಕೂಡಿಟ್ಟ ಉಸಿರು
ಮುಚ್ಚಿದ ಗಡಿಗೆಯ ಬಾಯಿ ತೆರೆದಂತೆ
ಮೂಗಿಗೆ ಹೊಡೆಯುತ್ತದೆ.

ನಲವತ್ತು ನಿಮಿಷ, ದುರ್ಗಾ, ಎನ್ನುತ್ತಾನೆ ಜಬ್ಬಾರ್.
ದುರುಗವ್ವ ಅನ್ನಲು ಅವನಿಗೆ ಪುರುಸೊತ್ತಿಲ್ಲ.
ಹದಿನಾಲ್ಕು ಸಾವಿರದ ಐನೂರು ಕಿಲೋಮೀಟರು
ನಲವತ್ತು ನಿಮಿಷದಲ್ಲಿ ಅಳಿಸಬೇಕು,
ಯಾರೂ ಎಲ್ಲಿಂದಲೂ ಬಂದೇ ಇಲ್ಲವೆಂಬಂತೆ.
ಎಡಸಾಲು ದಿಲ್‌ಮಾಯಾಳದು, ಬಲಸಾಲು ನನ್ನದು.
ಕಂಬಳಿ, ಕಂಬಳಿ, ಒಂದೊಂದರಲ್ಲೂ ಒಂದೊಂದು ಮೈಯ ಮಡಿಕೆ.
ಒಂಟಿ ಕಾಲುಚೀಲ. ಅರ್ಧ ಬಿಡಿಸಿದ ಪದಬಂಧ.
ಕಿಟಕಿ ಗಾಜಿನ ಮೇಲೆ ಮಗುವಿನ ಮೂಗಿನ ಗುರುತು.
ಅಲ್ಲಿ ಮಾತ್ರ ನನ್ನ ಬಟ್ಟೆ ಸ್ವಲ್ಪ ನಿಧಾನ.

ನಮ್ಮ ಕಡೆ ದೂರಕ್ಕೆ ಬೇರೆ ಲೆಕ್ಕವಿತ್ತು.
ಬಾವಿ ಕೂಗಳತೆ. ಹೊಲ ಎರಡು ಬೀಡಿ.
ಮಸ್ಕಿ ಸಂತೆ ಒಂದು ಹರದಾರಿ, ತಲೆಮೇಲೆ ಹೊರೆಯಿದ್ದರೆ ಎರಡು.
"ಇಲ್ಲೇ ಐತಿ" ಅಂದರೆ ಮುಗಿಯಿತು,
ಮಧ್ಯಾಹ್ನದವರೆಗೂ ನಡಿ.
ಬೆಂಗಳೂರಿಂದ ದೋಹಾಕ್ಕೆ ನಾಲ್ಕು ತಾಸು ಚಿಲ್ಲರೆ:
ನಡುವಿನ ಸೀಟು, ಎರಡೂ ಕಡೆ ನಿದ್ದೆಹೋದ ಗಂಡಸರು,
ಕಡಲು ಬಂತೆಂದು ಯಾರೂ ಹೇಳಲಿಲ್ಲ.
ಆಮೇಲೆ ಮೂರು ವರ್ಷ, ಸಾವಿರಾರು ವಿಮಾನ ಹತ್ತಿ ಇಳಿದಿದ್ದೇನೆ.
ಒಂದೂ ನನ್ನೊಡನೆ ಕದಲಿಲ್ಲ.

ಇವತ್ತು ನಲವತ್ತೊಂದನೇ ಸಾಲಿನಲ್ಲಿ
ಪರದೆ ಆರಿರಲಿಲ್ಲ. ನಕ್ಷೆ.
ಬಿಲ್ಲಿನ ಹಾಗೆ ಬಾಗಿದ ಗೆರೆ, ತುದಿಗೆ ಬಿಳಿ ವಿಮಾನ,
ಉಳಿದ ದೂರ: ಸೊನ್ನೆ.
ಗೆರೆ ನಮ್ಮ ನೆಲ ಮುಟ್ಟಿಲ್ಲ,
ಕೆಳಗೆ ಕಡಲ ಮೇಲೇ ಹಾದುಬಂದಿದೆ.
ಬೆರಳಿಟ್ಟು ಮಸ್ಕಿ ಹುಡುಕಿದೆ.
ಕೈಗವಸಿನ ತುದಿಯಡಿ
ನಾಲ್ಕು ಜಿಲ್ಲೆ ಮುಚ್ಚಿಹೋದವು.

ಅದೇ ಸೀಟಿನ ಸಂದಿಯಲ್ಲಿ ಒಂದು ಕೈಗಡಿಯಾರ.
ಇಲ್ಲಿ ರಾತ್ರಿ ಹನ್ನೊಂದು, ಅದರಲ್ಲಿ ಎಂಟು,
ಪುಟ್ಟ ಕಿಂಡಿಯಲ್ಲಿ ನಾಳೆಯ ತಾರೀಖು.
ಸಿಕ್ಕಿದ್ದನ್ನು ಒಪ್ಪಿಸಬೇಕು. ಒಪ್ಪಿಸಿದೆ, ಸಹಿ ಹಾಕಿದೆ.
ಆದರೆ ಆ ಸಾಲಿಂದ ಮುಂದಿನ ಬಾಗಿಲವರೆಗೆ
ಅರವತ್ತು ಹೆಜ್ಜೆ
ನಾಳೆ ನನ್ನ ಮುಷ್ಟಿಯಲ್ಲಿತ್ತು.
ಬೆಚ್ಚಗೇನೂ ಇರಲಿಲ್ಲ.
ಟಿಕ್‌ಟಿಕ್ ಅನ್ನುತ್ತಿತ್ತು, ಅಷ್ಟೆ.

ಬಹರೇನಿಗೆ ವಿಮಾನ ಮುಕ್ಕಾಲು ತಾಸು.
ನಮ್ಮ ಕ್ಯಾಂಪಿಗೆ ಬಸ್ಸು ಒಂದೂಕಾಲು.
ದಿಲ್‌ಮಾಯಾ ನನ್ನ ಹೆಗಲಿಗೆ ತಲೆಯಾನಿಸಿ ಕೇಳಿದಳು,
ಆ ಊರಲ್ಲಿ ಈಗ ಏನು ಮಾಡುತ್ತಿರುತ್ತಾರೆ?
ಹತ್ತು ಗಂಟೆಯಾಗಿರಬೇಕು, ಎರಡನೇ ಚಹಾ ಇರಬಹುದು, ಅಂದೆ.
ಹೊರಡುವ ಮುಂಚೆ ಚಾಲಕ ತಲೆ ಎಣಿಸಿದ: ಮೂವತ್ತೆರಡು.
ಇರಬೇಕಾದದ್ದು ಮೂವತ್ತೊಂದು.
ದೀಪ ಹಾಕಿ
ಮತ್ತೆ ಮೊದಲಿಂದ ಎಣಿಸತೊಡಗಿದ.