ಬಿಡು

ಬೈತಖೋಲದ ಐಸ್ ಕಾರ್ಖಾನೆಯಲ್ಲಿ
ಅಮೋನಿಯಾ ವಾಸನೆ ಅಭ್ಯಾಸವಾದ ಮೂರನೇ ದಿನ
ಪರದೆಯ ಮೇಲೆ ಒಂದು ಚೌಕ ಬರೆದೆ.
ಅಗಲ ಇನ್ನೂರು, ಎತ್ತರ ನಲವತ್ತು.
ಮೇಲಂಚಿಗೆ ಬಿಳಿ ಗೆರೆ, ಕೆಳಗಿನದಕ್ಕೆ ಬೂದು,
ಎಲ್ಲೋ ಮೇಲಿನಿಂದ ಬೆಳಕು ಬೀಳುತ್ತಿದೆ ಅನ್ನುವ ಹಾಗೆ.
ಬೆರಳು ತಾಗಿದರೆ ಗೆರೆಗಳ ಬಣ್ಣ ಅದಲು ಬದಲು,
ಉಬ್ಬಿದ್ದು ತಗ್ಗುತ್ತದೆ.
ತಗ್ಗುವುದೇನು, ಗಾಜು ಗಾಜಿನಷ್ಟೇ ಮಟ್ಟಸ.
ಕಣ್ಣಿಗೆ ಹೇಳುವ ಈ ಸಣ್ಣ ಸುಳ್ಳಿಗೆ
ಹನ್ನೊಂದು ಸಾಲು ಬೇಕಾಯಿತು.

ಅದರ ಮೇಲೆ ಬರೆದೆ: ಒತ್ತಿ.
ಕಂಡದ್ದು: ಒತಿ.
ತಕಾರದ ಒತ್ತು ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು.
ಈ ಟೂಲ್‌ಕಿಟ್ ಕಟ್ಟಿದವರ ಅಕ್ಷರಗಳು
ಗೆರೆಯ ಮೇಲೆ ನೆಟ್ಟಗೆ ನಿಲ್ಲುತ್ತವೆ;
ನಮ್ಮವು ಕೆಳಗೂ ಚಾಚಿಕೊಳ್ಳುತ್ತವೆ,
ದೋಣಿಯಂಚಿನಲ್ಲಿ ಕೂತು ನೀರಿಗೆ ಕಾಲು ಇಳಿಬಿಟ್ಟ ಮಕ್ಕಳು.
ಒತ್ತೇ ಇಲ್ಲದೆ ಒತ್ತುವುದು ಹೇಗೆ?
ಕೆಳಗೆ ಹತ್ತು ಪಿಕ್ಸೆಲ್ ಜಾಗ ಕೊಟ್ಟೆ.
ಅಷ್ಟಕ್ಕೇ ಮಧ್ಯಾಹ್ನ ಮುಗಿದಿತ್ತು.

ರೋಹಿದಾಸ ತಾಂಡೇಲ ಬಂದ,
ಇಲ್ಲಿ ಇಪ್ಪತ್ತೆಂಟು ವರ್ಷ ಲಿವರ್ ಎಳೆದವನು.
ಹೆಬ್ಬೆರಳಿಟ್ಟು ಒತ್ತಿದ. ಒತ್ತಿಯೇ ನಿಂತ.
ಯಂತ್ರ ಸುಮ್ಮನಿತ್ತು.
"ಎಂತ ಬಾಯಿ, ಇದು ಸತ್ತಿದ್ಯಾ?"
"ಬೆರಳು ತೆಗೀರಿ," ಅಂದೆ.
ತೆಗೆದ.
ಹಿಂದೆ ಕ್ರಷರ್ ಗುಡುಗಿತು,
ಜಾರುಹಲಗೆಯಲ್ಲಿ ಪುಡಿ ಐಸು ಧೋ ಎಂದು ಇಳಿಯಿತು.

ಆಗ ವಿವರಿಸಬೇಕಾಯಿತು:
ಒತ್ತಿದಾಗ ಬಟನ್ ಕೇಳಿಸಿಕೊಳ್ಳುತ್ತದೆ, ಅಷ್ಟೇ.
ಕೆಲಸ ಆಗುವುದು ಬಿಟ್ಟಾಗ.
ಒತ್ತಿದ ಮೇಲೆ ಮನಸ್ಸು ಬದಲಾಯಿತೋ,
ಬೆರಳೆತ್ತದೆ ಚೌಕದ ಆಚೆಗೆ ಜಾರಿಸಿ, ಅಲ್ಲಿ ಬಿಡಿ;
ಏನೂ ಆಗಿರುವುದಿಲ್ಲ.
ಈ ದಾಕ್ಷಿಣ್ಯ ನನ್ನದಲ್ಲ.
ಯಾವ ಊರಿನವರೋ ಎಂದೋ
ಟೂಲ್‌ಕಿಟ್ಟಿನ ಒಳಗೆ ಬರೆದಿಟ್ಟು ಹೋದದ್ದು.

"ಬೀಸುಬಲೆ!" ಅಂದ ರೋಹಿದಾಸ.
"ಅರ್ಧ ಹೆಗಲ ಮೇಲೆ, ಒಂದಂಚು ಹಲ್ಲಲ್ಲಿ.
ಹಿಡಿದಷ್ಟು ಹೊತ್ತು ಅದು ಬರೀ ನೂಲು.
ಬಿಟ್ಟ ಮೇಲೇ ಬಲೆ.
ಮತ್ತೆ ಒತ್ತಿ ಅಂತ ಯಾಕೆ ಬರ್ದೆ? ಬಿಡು ಅಂತ ಬರಿ."
ಬರೆದೆ.
ಬಿಡು. ಅದಕ್ಕೆ ಒತ್ತೇ ಇಲ್ಲ.
ನನ್ನ ಹತ್ತು ಪಿಕ್ಸೆಲ್ ಕೆಳಗೆ ಖಾಲಿ ಬಿದ್ದವು.

ಶನಿವಾರ ಸಂಜೆ, ದೀಪಸ್ತಂಭದ ದ್ವೀಪ ಕಪ್ಪಾಗುವ ಹೊತ್ತು
'ಖಾಪ್ರಿ ಪ್ರಸಾದ' ಧಕ್ಕೆಗೆ ತಾಗಿತು.
ರೋಹಿದಾಸನ ತಮ್ಮ ಉಲ್ಹಾಸನ ದೋಣಿ.
ಎಂಜಿನ್ ಪಾಲಿನ ಜಗಳ, ನಾಲ್ಕು ವರ್ಷದಿಂದ ಮಾತಿಲ್ಲ.
ಕಾರ್ಖಾನೆಗೂ ಬಾಕಿ.
ಬಾಕಿಯಿದ್ದ ದೋಣಿಗೆ ಬಟನ್ ಬೂದಿಬಣ್ಣಕ್ಕೆ ತಿರುಗಿ
ಜಡವಾಗಬೇಕೆಂದು ಮ್ಯಾನೇಜರು ಮೊದಲ ದಿನವೇ ಹೇಳಿದ್ದರು.
ಆ ಸಾಲನ್ನು ನಾಳೆ ಬರೆದರಾಯಿತೆಂದು ಬಿಟ್ಟಿದ್ದೆ.

ದೋಣಿಯ ಹೆಸರು ಆರಿಸಿದ. ಇಪ್ಪತ್ತು ಕ್ರೇಟು.
ಹೆಬ್ಬೆರಳಿಟ್ಟ.
ಬಿಳಿ ಬೂದಾಯಿತು, ಬೂದು ಬಿಳಿಯಾಯಿತು.
ಹೊರಗೆ ಉಲ್ಹಾಸ ಜಾರುಹಲಗೆಯ ಬಾಯಿಗೆ ಕ್ರೇಟು ಕೊಟ್ಟು
ಇತ್ತ ನೋಡದೆ
ಅಂಗಿಯ ಕಿಸೆಯಲ್ಲಿ ಏನನ್ನೋ ಹುಡುಕುತ್ತಿದ್ದ.
ಅವನ ಹಿಂದೆ ತಾರ್ಲೆಯ ರಾಶಿ, ಆಗಲೇ ಹೊಳಪು ಕಳೆಯುತ್ತ.
ಬೆರಳು ಏಳಲಿಲ್ಲ.
ಎಡಕ್ಕೆ ಚೂರು ಸರಿದು
ಅಂಚಿನ ಮೇಲೆ ನಿಂತಿತು.

ನಾನು ಬರೆದ ಯಾವ ಸಾಲಿಗೂ ಆ ಹೊತ್ತು ಗೊತ್ತಿಲ್ಲ.
ಒತ್ತಿದ್ದಕ್ಕೊಂದು ಸಂಕೇತ ಇದೆ, ಬಿಟ್ಟದ್ದಕ್ಕೊಂದು.
ಕೀಬೋರ್ಡಿಗೆ ಕೂತ ಉಪ್ಪನ್ನು
ಅಂಗೈಯಿಂದ ಒರೆಸುತ್ತ ಕೂತೆ, ಒರೆಸಿದ್ದನ್ನೇ ಒರೆಸುತ್ತ.

ಕ್ರಷರ್ ಗುಡುಗಿತು.

ಲಾಗಿನಲ್ಲಿ ಒಂದೇ ಸಾಲು:
೧೮:೪೨, ಖಾಪ್ರಿ ಪ್ರಸಾದ, ಇಪ್ಪತ್ತು.
ಎಷ್ಟು ಹೊತ್ತು ಹಿಡಿದಿದ್ದ ಅಂತ ಇಲ್ಲ.
ಆಮೇಲೆ ಅವನು ಧಕ್ಕೆಗೆ ಇಳಿದನೋ ಏನೋ,
ನನಗೆ ಏಳರ ಅಂಕೋಲಾ ಬಸ್ಸು.

ಸೋಮವಾರ ಬಂದು ಪರದೆ ಒರೆಸಿದೆ.
'ಬಿಡು'ವಿನ ಕೆಳಗೆ,
ಒತ್ತಿಗೆಂದು ಇಟ್ಟ ಆ ಖಾಲಿ ಜಾಗದಲ್ಲಿ
ತಾರ್ಲೆಯ ಒಂದು ಹುರುಪೆ, ಒಣಗಿ ಅಂಟಿತ್ತು.
ಉಗುರಿನಿಂದ ಕೆರೆದೆ.
ಬೇಗ ಬಿಡಲಿಲ್ಲ.