ಒಂದಕ್ಕೆ ಎರಡೂವರೆ

ಮನೆಯಲ್ಲಿ ಇಂಚುಟೇಪು ಇರಲಿಲ್ಲ.
ಏಪ್ರನ್ ಜೇಬಿನಲ್ಲಿ ಆಸ್ಪತ್ರೆಯ ಸುರುಳಿಯೇ ಬಂದುಬಿಟ್ಟಿತ್ತು,
ಹುಟ್ಟಿದ ಕೂಸಿನ ತಲೆಸುತ್ತು ಅಳೆಯುವುದು,
ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ
ಮೊದಲ ಹತ್ತು ಅಂಕಿ ಅಳಿಸಿಹೋದದ್ದು.
ಸ್ಟೂಲು ಹತ್ತಿ, ಜರುಗಿಸಿ ಜರುಗಿಸಿ ಹಿಡಿದೆ.
ಎತ್ತರ: ತಿಂಗಳು ತುಂಬಿದ ಮೂರು ಕೂಸು,
ನೆತ್ತಿಯಿಂದ ಹಿಮ್ಮಡಿಗೆ, ಒಂದರ ಮೇಲೊಂದು.
ಅಗಲ: ಎರಡು ಕೂಸು, ಮತ್ತೆ
ಸೋಮವಾರ ನಸುಕಿಗೆ ಏಳು ತಿಂಗಳಿಗೇ ಬಂದಳಲ್ಲ
ಆ ಹರಪನಹಳ್ಳಿಯವಳ ಮಗಳು,
ಮೂವತ್ತೆಂಟು ಸೆಂಟಿಮೀಟರು, ಅಷ್ಟು.
ತಿಪ್ಪೇಶಿ ಕೆಳಗೆ ನಿಂತು
ಹಾಲಿನ ಚೀಟಿಯ ಬೆನ್ನಿಗೆ ಬರೆದುಕೊಂಡ.
"ಇಂಚಿನಾಗೆ ಎಷ್ಟಾತು?" ಅಂದ.
ನನಗೆ ಇಂಚು ಬಾರದು.

ಬೇಕಾಗಿದ್ದದ್ದು ಪರದೆಯಲ್ಲ,
ಹಗಲೊಳಗೊಂದು ರಾತ್ರಿ.
ಡ್ಯೂಟಿ ಮುಗಿಸಿ ಎಂಟೂವರೆಗೆ ಬಂದು ಒರಗಿದರೆ
ಬಿಸಿಲು ರೆಪ್ಪೆಯ ಮೇಲೇ ಚಾಪೆ ಹಾಸುತ್ತದೆ.
ಎದುರು ಮಹಡಿಯ ಹಾಲಮ್ಮ
ಮೆಣಸಿನಕಾಯಿ ಹರವುತ್ತ ಕೇಳುತ್ತಾರೆ,
"ಏನವ್ವಾ, ಇನ್ನೂ ಎದ್ದಿಲ್ಲೇನು?"
ಇನ್ನೂ ಮಲಗಿಲ್ಲಮ್ಮಾ.

ಅಪ್ಪ ಮಿಲ್ಲಿನಲ್ಲಿ ಮೂರನೇ ಪಾಳಿ.
ಅವನು ಮಲಗುವ ಹೊತ್ತಿಗೆ ಅವ್ವ
ತನ್ನದೇ ಸೀರೆಗೆ ನೆರಿಗೆ ಹಿಡಿದು
ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದಳು.
ನಾವು ಗಜ್ಜುಗ ಆಡುತ್ತಿದ್ದದ್ದು
ದಿಂಬಿನ ಮೇಲೆ, ಸದ್ದಾಗದ ಹಾಗೆ.

ಚೌಕಿಪೇಟೆಯಲ್ಲಿ ಥಾನಿನ ಮೇಲೆ ಥಾನು ಉರುಳಿಸಿ
"ಇದು ಬ್ಲ್ಯಾಕೌಟ್ ಅಕ್ಕಾರೆ,
ಮಟಮಟ ಮಧ್ಯಾಹ್ನದಾಗೂ ಅಮಾಸಿ" ಅಂದ ಹುಡುಗ.
ಮುಖದ ಮೇಲೆ ಎಳೆದುಕೊಂಡು
ಟ್ಯೂಬ್‌ಲೈಟಿನ ಕೆಳಗೆ ನಿಂತೆ.
ತಿಪ್ಪೇಶಿ ನನ್ನ ಗಂಡನೇ ಅಲ್ಲವೆಂಬಂತೆ
ಟವೆಲಿನ ರೇಟು ಕೇಳತೊಡಗಿದ.
ಕತ್ತಲೇನೋ ಇತ್ತು, ಆದರೆ ಮಳೆಕೋಟಿನ ವಾಸನೆಯ ಕತ್ತಲು.
ಬಿಳಿ ಬೇಡ. ಮಂಡಕ್ಕಿ ಭಟ್ಟಿಯ ಮಸಿ
ಮೂರೇ ದಿನಕ್ಕೆ ಬಂದು ಹೆಸರು ಬರೆಯುತ್ತದೆ.
ಹೂವಿನದು ಬೇಡ, ನಿದ್ದೆ ಬಾರದಿದ್ದರೆ ಎಣಿಸುತ್ತ ಕೂರುತ್ತೇನೆ.
ಕೊನೆಗೆ ಹಳೇ ಹುಣಸೆಹಣ್ಣಿನ ಬಣ್ಣದ ದಪ್ಪ ಹತ್ತಿ,
ಒಳಗೊಂದು ಕಪ್ಪು ಅಸ್ತರು.

ಆಜಾದ್ ನಗರದ ಖಮರುನ್ನಿಸಾ
ನನ್ನ ಟೇಪಿನ ಪಕ್ಕ ತನ್ನ ಟೇಪು ಮಲಗಿಸಿ ನೋಡಿದಳು.
"ಕಿಟಕಿ ನಾಲ್ಕೂವರೆ ಅಡಿ. ಬಟ್ಟೆ ಹನ್ನೊಂದಡಿ ಮೇಲೆ.
ಒಂದಕ್ಕೆ ಎರಡೂವರೆ, ಸಿಸ್ಟರ್.
ಕಮ್ಮಿ ಇಟ್ರೆ ಅದು ಪರದೆ ಅಲ್ಲ,
ಒಣಹಾಕಿದ ಬೆಡ್‌ಶೀಟು."
"ಮಿಕ್ಕ ಆರೂವರೆ ಎಲ್ಲಿ ಹೋಗ್ತದೆ?" ತಿಪ್ಪೇಶಿಯ ಲೆಕ್ಕ.
"ನೆರಿಗೆಯೊಳಗೇ ಇರ್ತದೆ ಅಣ್ಣಾ."
ಬಕ್ರಂ ಇಟ್ಟು, ಮೂರು ಮೂರು ನೆರಿಗೆ ಚಿವುಟಿ,
ಬಾಯಲ್ಲಿದ್ದ ಗುಂಡುಪಿನ್ನು ಒಂದೊಂದೇ ತೆಗೆದು ಚುಚ್ಚುತ್ತ
ಅವಳು ಇನ್ನೇನೋ ಹೇಳಿದಳು. ಪಿನ್ನಿನ ನಡುವೆ ತಿಳಿಯಲಿಲ್ಲ.

ತೂಗುಹಾಕಿದ ಮೊದಲ ದಿನ
ಎಚ್ಚರಾದರೆ ಕಗ್ಗತ್ತಲು.
ಎದೆ ಧಸಕ್ಕೆಂದಿತು. ಪಾಳಿ ತಪ್ಪಿತು!
ಸೀರೆ ಉಟ್ಟು, ಪಿನ್ನು ಸಿಕ್ಕಿಸಿ, ಜಡೆ ಸುತ್ತಿ
ಪರದೆ ಸರಿಸಿದರೆ
ಉರಿಉರಿ ಮೂರು ಗಂಟೆ.
ಮೆಣಸಿನಕಾಯಿ ಮಗುಚುತ್ತಿದ್ದ ಹಾಲಮ್ಮ ತಲೆ ಎತ್ತಿ
"ಹಗಲು ಡ್ಯೂಟಿಗೆ ಹಾಕ್ಯಾರೇನು? ಒಳ್ಳೇದಾತು ಬಿಡು" ಅಂದರು.
ಇಲ್ಲವೆನ್ನಲು ಮನಸ್ಸಾಗಲಿಲ್ಲ.
ಮೆಲ್ಲಗೆ ಎಳೆದೆ,
ಹನ್ನೊಂದಡಿ ಬಟ್ಟೆ ರಾಡಿನ ಮೇಲೆ ಕರಕರ ಜರುಗಿತು.

ಆ ಹರಪನಹಳ್ಳಿಯ ಹುಡುಗಿಯನ್ನು
ಮುಂದಿನ ಮಂಗಳವಾರ ರಾತ್ರಿ ಮತ್ತೆ ಅಳೆದೆ.
ಮೂವತ್ತೊಂಬತ್ತು.
ಗಾಜಿನ ಪೆಟ್ಟಿಗೆಯೊಳಗೆ ಬೆಳಕಿಗೆ ಮುಖ ಸಿಂಡರಿಸಿದಳು,
ಅವಳ ಕಣ್ಣಿಗೆ ಪಟ್ಟಿ ಸರಿಮಾಡಿದೆ.
ಈಗ ನನ್ನ ಕಿಟಕಿ ಒಂದು ಸೆಂಟಿಮೀಟರು ಚಿಕ್ಕದು.
ಇರಲಿ. ಖಮರುನ್ನಿಸಾ ಕೆಳಗಂಚಿನಲ್ಲಿ
ನಾಲ್ಕು ಬೆರಳು ಮಡಚಿ ಬಿಟ್ಟಿದ್ದಾಳೆ,
ಬೆಳೆಯುವ ಮಕ್ಕಳ ಲಂಗಕ್ಕೆ ಬಿಡುವಂತೆ.